ಕೇಳದೆ ಪಡೆದ ಸಾಲ

2012ರ ಅಕ್ಟೋಬರ್ 20ರಂದು ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಹಾರಾಟದ ಪರವಾನಗಿ ಅಮಾನತಾಯಿತು. ಅಷ್ಟು ಹೊತ್ತಿಗೆ ಅದರ ನೌಕರರು ಸಂಬಳ ಕಾಣದೆ ತಿಂಗಳುಗಳೇ ಆಗಿದ್ದವು. ಅದೇ ತಿಂಗಳ ಮೊದಲ ವಾರ ದೆಹಲಿಯಲ್ಲಿ ನೌಕರರೊಬ್ಬರ ಪತ್ನಿ, ಗಂಡನಿಗೆ ಸಂಬಳ ಬಾರದೆ ಮನೆಯಲ್ಲಾದ ಸಂಕಟವನ್ನು ಬರೆದಿಟ್ಟು ಜೀವ ಕಳೆದುಕೊಂಡಿದ್ದರು. ಡಿಸೆಂಬರ್‌ನಲ್ಲಿ, ತಮ್ಮ ಹುಟ್ಟುಹಬ್ಬಕ್ಕೆ, ಕಂಪನಿಯ ಅಧ್ಯಕ್ಷ ವಿಜಯ್ ಮಲ್ಯ ತಿರುಪತಿ ತಿಮ್ಮಪ್ಪನಿಗೆ 3 ಕಿಲೋ ಚಿನ್ನ ಒಪ್ಪಿಸಿದರು.

ಈ ಮೂರು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರ ಹೊಟ್ಟೆಯಲ್ಲಾದರೂ ಉರಿ ಏಳುತ್ತದೆ. ಆದರೆ ಇಲ್ಲಿ ತಪ್ಪು ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸುವುದು ಅಷ್ಟು ಸಲೀಸಲ್ಲ. ಚಿನ್ನ ಅವರ ಸ್ವಂತದ್ದು, ಸಂಬಳದ ಬಾಕಿ ಕಂಪನಿಯದ್ದು. ಕಾನೂನಿನ ಕಣ್ಣಿಗೆ ಕಂಪನಿ ಬೇರೆ, ಅಧ್ಯಕ್ಷ ಬೇರೆ. ಕಂಪನಿ ಮುಳುಗಿದರೆ ಅದರ ಸಾಲ ಷೇರುದಾರನ ಮನೆ ಬಾಗಿಲಿಗೆ ಬರುವುದಿಲ್ಲ ಎಂಬ ಭರವಸೆಯ ಮೇಲೆಯೇ ಇವತ್ತಿನ ಉದ್ಯಮಲೋಕ ನಿಂತಿದೆ. ಬ್ಯಾಂಕುಗಳಿಗೆ ವಂಚನೆ ಆಯಿತೇ ಎಂಬುದು ನ್ಯಾಯಾಲಯ ತೀರ್ಮಾನಿಸಬೇಕಾದ ವಿಷಯ. ಆ ಆರೋಪಗಳನ್ನು ಮಲ್ಯ ಒಪ್ಪಿಲ್ಲ. ನಾನು ಎತ್ತುವ ಪ್ರಶ್ನೆ ಅದಕ್ಕಿಂತ ಹಿಂದಿನದು. ವಂಚನೆ ಸಾಬೀತಾಗಲಿ ಬಿಡಲಿ, ಕೈಯಲ್ಲಿ ದುಡ್ಡು ಕಡಿಮೆಯಾದಾಗ ಯಾರಿಗೆ ಮೊದಲು ಕೊಡುವುದು, ಯಾರನ್ನು ಕಾಯಿಸುವುದು ಎಂದು ಮುಖ್ಯಸ್ಥರು ಮಾಡುವ ಆಯ್ಕೆಯಲ್ಲೇ ಒಂದು ಅನೀತಿ ಅಡಗಿದೆ. ನಾವು ಅದನ್ನು ಅನೀತಿ ಎಂದು ಗುರುತಿಸುವುದನ್ನೇ ಬಿಟ್ಟಿದ್ದೇವೆ.

ಒಂದು ವಿವರ ನೋಡಿ. 2010ರಲ್ಲಿ ಬ್ಯಾಂಕುಗಳ ಕೂಟ ಕಿಂಗ್‌ಫಿಷರ್‌ನ ಸಾಲವನ್ನು ಮರುಹೊಂದಾಣಿಕೆ ಮಾಡಿಕೊಟ್ಟಾಗ ಮಲ್ಯ ಅವರಿಂದ ವೈಯಕ್ತಿಕ ಖಾತರಿ ಬರೆಸಿಕೊಂಡಿತು. ಹೇಗೆ ಕೇಳಬೇಕೆಂದು ಬ್ಯಾಂಕಿಗೆ ಗೊತ್ತಿತ್ತು, ಕೊಡದಿದ್ದರೆ ಸಾಲವಿಲ್ಲ ಎನ್ನುವ ತಾಕತ್ತೂ ಇತ್ತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುತ್ತಿದ್ದ ಹುಡುಗನಾಗಲಿ, ಎಂಜಿನ್ ತಪಾಸಣೆ ಮಾಡುತ್ತಿದ್ದ ತಂತ್ರಜ್ಞನಾಗಲಿ ಅಂಥ ಖಾತರಿ ಬರೆಸಿಕೊಂಡಿರಲಿಲ್ಲ. ತಾವು ಸಾಲ ಕೊಡುತ್ತಿದ್ದೇವೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಮಾರ್ಚ್‌ನಲ್ಲಿ ದುಡಿದು, ಏಪ್ರಿಲ್‌ನಲ್ಲಿ ಕೂಲಿ ಸಿಗದೆ, ಮೇನಲ್ಲೂ ಕೆಲಸಕ್ಕೆ ಬಂದವನು ಕಂಪನಿಗೆ ತನ್ನ ಎರಡು ತಿಂಗಳ ಬಾಳನ್ನು ಬಡ್ಡಿಯಿಲ್ಲದೆ, ಪತ್ರವಿಲ್ಲದೆ ಸಾಲ ಕೊಟ್ಟಂತಾಯಿತು. ಇಷ್ಟು ಸಾಲದೆಂಬಂತೆ, ನೌಕರರ ಸಂಬಳದಿಂದ ಹಿಡಿದುಕೊಂಡ ಆದಾಯ ತೆರಿಗೆಯನ್ನು ಕಂಪನಿ ಸರ್ಕಾರಕ್ಕೆ ಕಟ್ಟಿರಲಿಲ್ಲ. ಇದರ ಮೇಲೆ ತೆರಿಗೆ ಇಲಾಖೆ ಮೊಕದ್ದಮೆ ಹೂಡಿತು. ಕೈಗೆ ಬಾರದ ದುಡ್ಡಿನ ಲೆಕ್ಕಕ್ಕೂ ಆ ನೌಕರರು ಓಡಾಡಬೇಕಾಯಿತು.

ನೀತಿಶಾಸ್ತ್ರದ ಪಾಠಗಳಲ್ಲಿ ಇಂಥ ಪ್ರಕರಣಕ್ಕೆ ಮೂರು ಅಳತೆಗೋಲುಗಳನ್ನು ಕೊಡುತ್ತಾರೆ. ಬೆಂಥಮ್ ಮತ್ತು ಮಿಲ್ ಅವರದ್ದು ಫಲಿತಾಂಶದ ಲೆಕ್ಕ: ಹೆಚ್ಚು ಜನರಿಗೆ ಹೆಚ್ಚು ಒಳಿತಾಯಿತೇ? ಕಾಂಟ್ ಅವರದ್ದು ಕರ್ತವ್ಯದ ಲೆಕ್ಕ: ಮನುಷ್ಯನನ್ನು ಬರೀ ಸಾಧನವಾಗಿ ಬಳಸಿಕೊಂಡೆಯಾ? ಅರಿಸ್ಟಾಟಲ್ ಅವರದ್ದು ಗುಣದ ಲೆಕ್ಕ: ಇದು ಸಜ್ಜನ ಮಾಡುವ ಕೆಲಸವೇ? ಕಾಲೇಜಿನಲ್ಲಿ ಈ ಮೂರನ್ನೂ ಒಂದೊಂದು ಪುಟ ಬರೆದು, ಎಲ್ಲಕ್ಕೂ ಅದರದರ ಮಿತಿ ಇದೆ ಎಂದು ಮುಗಿಸುವ ರೂಢಿ. ಅಲ್ಲಿಗೆ ಮುಗಿಸಲು ನನಗೆ ಮನಸ್ಸಿಲ್ಲ. ಈ ಪ್ರಕರಣದಲ್ಲಿ ಒಂದು ಅಳತೆ ಇನ್ನೆರಡಕ್ಕಿಂತ ಸರಿಯಾಗಿ ಅಳೆಯುತ್ತದೆ ಎಂಬುದು ನನ್ನ ನಂಬಿಕೆ.

ಫಲಿತಾಂಶದ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳೋಣ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಬ್ಯಾಂಕುಗಳಿಗೆ 6,203 ಕೋಟಿ ರೂಪಾಯಿಯನ್ನು ಶೇ 11.5ರ ಬಡ್ಡಿ ಸಮೇತ ವಸೂಲು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಮಲ್ಯ ಅವರ ಆಸ್ತಿಗಳಿಂದ 14,131 ಕೋಟಿ ರೂಪಾಯಿಗೂ ಹೆಚ್ಚು ಬ್ಯಾಂಕುಗಳಿಗೆ ಮರಳಿದೆ ಎಂದು ಲೋಕಸಭೆಯಲ್ಲಿ ತಿಳಿಸಿದರು. ಕೊಡಬೇಕಾದ್ದಕ್ಕಿಂತ ಎರಡು ಪಟ್ಟು ಕಿತ್ತುಕೊಂಡಿದ್ದೀರಿ, ಇನ್ನೂ ನಾನು ಅಪರಾಧಿಯೇ ಎಂಬುದು ಮಲ್ಯ ಅವರ ಪ್ರಶ್ನೆ. ಬಡ್ಡಿಯ ಮಾತು ಆಚೆಗಿಟ್ಟು ಬರೀ ಕೊನೆಯ ಮೊತ್ತವನ್ನೇ ನೋಡುವವನಿಗೆ ಈ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಹೋದದ್ದು ಬಂತಲ್ಲ!

ಬಂದದ್ದು ಯಾರಿಗೆ, ಯಾವಾಗ ಎಂದು ಕೇಳಿದ ಕೂಡಲೇ ಈ ಲೆಕ್ಕ ಕುಸಿಯುತ್ತದೆ. ಬ್ಯಾಂಕಿಗೆ ಹತ್ತು ವರ್ಷ ತಡವಾಗಿ ಬಂದ ರೂಪಾಯಿ ಬಡ್ಡಿ ಕಟ್ಟಿಕೊಂಡು ಬರುತ್ತದೆ, ಪುಸ್ತಕದಲ್ಲಿ ಸರಿಹೋಗುತ್ತದೆ. ನೌಕರನಿಗೆ ಹತ್ತು ವರ್ಷ ತಡವಾಗಿ ಬಂದ ಸಂಬಳ ಮಗಳ ಕಾಲೇಜು ಶುಲ್ಕಕ್ಕೆ ಒದಗುವುದಿಲ್ಲ, ಮಾರಿದ ಮನೆಯನ್ನು ಮರಳಿ ಕೊಡಿಸುವುದಿಲ್ಲ. ಕಿಂಗ್‌ಫಿಷರ್‌ನ ಸಾಮಾನ್ಯ ನೌಕರರು ಒಂದು ದಶಕಕ್ಕೂ ಹೆಚ್ಚು ಕಾಲ ಕಾದರು. ಒಟ್ಟು ಮೊತ್ತ ಕೂಡಿಸಿ ನೋಡುವ ಲೆಕ್ಕಕ್ಕೆ ಕಾಯುವುದರ ನೋವು ಕಾಣುವುದಿಲ್ಲ. ಮಿಲ್ ಬದುಕಿದ್ದರೆ ಇದನ್ನೂ ಲೆಕ್ಕಕ್ಕೆ ಸೇರಿಸಿ ಎನ್ನುತ್ತಿದ್ದರು, ನಿಜ. ಆದರೆ ಆಡಳಿತ ಮಂಡಳಿಯ ಸಭೆಗಳಲ್ಲಿ, ಸಂಸತ್ತಿನ ಉತ್ತರಗಳಲ್ಲಿ, ಪತ್ರಿಕೆಗಳ ತಲೆಬರಹಗಳಲ್ಲಿ ಬಳಕೆಯಾಗುವುದು ಮಿಲ್ ಅವರ ಸೂಕ್ಷ್ಮ ಲೆಕ್ಕವಲ್ಲ, ಕೋಟಿಗಳ ಕೂಡುಲೆಕ್ಕ.

ಗುಣದ ಲೆಕ್ಕ ನಮ್ಮ ಜನಕ್ಕೆ ಹೆಚ್ಚು ಹತ್ತಿರ. ಮಲ್ಯ ಅವರ ಬಗ್ಗೆ ಮಾತಾಡುವಾಗ ನಾವು ಅವರ ವಿಲಾಸವನ್ನೇ ಎತ್ತಿ ಆಡುತ್ತೇವೆ. ಒಂದು ಕಾಲಕ್ಕೆ ಆ ವೈಭವವನ್ನೇ ಹೊಗಳಿದವರೂ ನಾವೇ. ಲಂಡನ್ನಿನ ಹರಾಜಿನಲ್ಲಿ ಕೊಂಡ ಟಿಪ್ಪುವಿನ ಖಡ್ಗವನ್ನು 2004ರಲ್ಲಿ ಅವರು ಬಹಿರಂಗ ಮಾಡಿದಾಗ ಶ್ರೀರಂಗಪಟ್ಟಣದ ಸೀಮೆಯ ನಾವು ಬೀಗಿದೆವು. ಇದೇ ರಾಜ್ಯ ಅವರನ್ನು 2002ರಲ್ಲೂ 2010ರಲ್ಲೂ ರಾಜ್ಯಸಭೆಗೆ ಕಳಿಸಿತು. ಗುಣ ನೋಡಿ ಅಳೆಯುವುದರಲ್ಲಿ ಇರುವ ಅಪಾಯ ಇದು: ಗೆದ್ದಾಗ ಧೀಮಂತನೆನಿಸಿದವನು ಸೋತಾಗ ದುಂದುಗಾರನೆನಿಸುತ್ತಾನೆ, ಮನುಷ್ಯ ಮಾತ್ರ ಅವನೇ.

ಇನ್ನೂ ಕಷ್ಟದ ಪ್ರಕರಣ ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ಅವರದ್ದು. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಊರೂರಿಗೆ ಒಯ್ದವರು, ಮಲೆನಾಡಿನ ಸಾವಿರಾರು ಹುಡುಗರಿಗೆ ಕೆಲಸ ಕೊಟ್ಟವರು, ಸರಳವಾಗಿ ಬದುಕಿದವರು. 2019ರ ಜುಲೈನಲ್ಲಿ ಅವರನ್ನು ನೇತ್ರಾವತಿ ನದಿ ನುಂಗಿದಾಗ ಅತ್ತವರ ದುಃಖ ನಿಜವಾದದ್ದು. ಆದರೆ ಮರುವರ್ಷ ಬಂದ ತನಿಖಾ ವರದಿಯ ಪ್ರಕಾರ ಷೇರುಪೇಟೆಯಲ್ಲಿದ್ದ ಕಾಫಿ ಡೇ ಸಮೂಹದ ಕಂಪನಿಗಳಿಗೆ ಸಿದ್ಧಾರ್ಥ ಅವರ ಖಾಸಗಿ ಕಂಪನಿಯಿಂದ ಬರಬೇಕಾದ ಮೊತ್ತ 3,535 ಕೋಟಿ ರೂಪಾಯಿ. 2023ರ ಜನವರಿಯಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಇದೇ ವಿಚಾರಕ್ಕೆ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ರೂಪಾಯಿ ದಂಡ ವಿಧಿಸಿ ಆದೇಶ ಹೊರಡಿಸಿತು. ಕಾಫಿ ಡೇ ಷೇರು ಕೊಂಡ ಸಣ್ಣ ಹೂಡಿಕೆದಾರನೂ ಇಲ್ಲಿ ತನಗೇ ತಿಳಿಯದೆ ಸಾಲ ಕೊಟ್ಟವನು. ಒಬ್ಬರು ವಿಲಾಸಿ, ಇನ್ನೊಬ್ಬರು ಸಂಯಮಿ, ಆದರೂ ಎರಡೂ ಕಡೆ ನಡೆದ ಕ್ರಿಯೆಗೆ ಹೋಲಿಕೆ ಇದೆ. ಒಳ್ಳೆಯವರೇ ಮಾಡಿದರೂ ಆ ಕ್ರಿಯೆ ಒಳ್ಳೆಯದಾಗುವುದಿಲ್ಲ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಆದರೆ ಹೇಳದಿದ್ದರೆ ನೀತಿಯ ಮಾತೆಲ್ಲ ನಮಗಾಗದವರ ಮೇಲೆ ಮಾತ್ರ ಪ್ರಯೋಗಿಸುವ ಆಯುಧವಾಗಿಬಿಡುತ್ತದೆ.

ಉಳಿದದ್ದು ಕಾಂಟ್. ಅವರ ಮಾತನ್ನು ವ್ಯವಹಾರದ ಭಾಷೆಗೆ ತಂದರೆ ಹೀಗಾಗುತ್ತದೆ: ಇನ್ನೊಬ್ಬನಿಂದ ಏನನ್ನಾದರೂ ಪಡೆಯುವಾಗ, ಏನು ನಡೆಯುತ್ತಿದೆ ಎಂದು ಪೂರ್ತಿ ಗೊತ್ತಿದ್ದೂ ಅವನು ಒಪ್ಪಬಲ್ಲನೇ? ಗೊತ್ತಾದರೆ ಒಪ್ಪಲಾರ ಎಂದೇ ಮುಚ್ಚಿಟ್ಟಿದ್ದರೆ ಅಲ್ಲಿ ಅವನು ಬರೀ ಸಾಧನ. ನೌಕರನಿಂದ ಕೇಳದೆ ಪಡೆದ ಸಾಲ ಈ ಪರೀಕ್ಷೆಯಲ್ಲಿ ಮೊದಲ ಹೆಜ್ಜೆಗೇ ಬೀಳುತ್ತದೆ. ಮೊತ್ತ ಎಷ್ಟು, ಕೊನೆಗೆ ಸಂದಿತೇ ಇಲ್ಲವೇ, ಪಡೆದವರು ಎಂಥವರು ಎಂಬ ಯಾವ ಪ್ರಶ್ನೆಗೂ ಕಾಯಬೇಕಾಗಿಲ್ಲ.

ಇದಕ್ಕೆ ಜರ್ಮನಿಯ ದಾರ್ಶನಿಕನೇ ಬೇಕೆಂದೇನೂ ಇಲ್ಲ. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಅಲ್ಲಿಯೇ ಸುರಿದು ಬರುವಂತೆ ಕಳಿಸಿದಳು. ಆ ಅಕ್ಕಿ ದಾಸೋಹಕ್ಕೇ ಹೋಗುತ್ತಿತ್ತು, ಉದ್ದೇಶದಲ್ಲಿ ಲೋಪವಿರಲಿಲ್ಲ. ಆದರೂ ತನ್ನದಲ್ಲದ್ದನ್ನು ತಂದು ಶಿವನಿಗೆ ಸಲ್ಲಿಸಲು ಆಕೆ ಒಪ್ಪಲಿಲ್ಲ. ಸಂಬಳ ಬಾಕಿ ಇಟ್ಟುಕೊಂಡು ದೇವರಿಗೆ ಚಿನ್ನ ಕೊಡುವುದನ್ನು ಲಕ್ಕಮ್ಮನ ಮನೆಯ ಹೊಸ್ತಿಲಲ್ಲಿ ನಿಂತು ಸಮರ್ಥಿಸಿಕೊಳ್ಳಲು ಯಾವ ಕಂಪನಿ ವಕೀಲನಿಂದಲೂ ಆಗದು.

ಇದೇ ವಿಚಾರ ನಮ್ಮ ಪಾಂಡವಪುರ ಸೀಮೆಯಲ್ಲಿ ಬೇರೊಂದು ದಾರಿಯಿಂದಲೂ ಬೆಳೆದು ಬಂದಿದೆ. ಇಲ್ಲಿನ ಕ್ಯಾತನಹಳ್ಳಿ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು. 1980ರಲ್ಲಿ ಹುಟ್ಟಿದ ರೈತ ಸಂಘ ಮಂಡ್ಯ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿ ಹಸಿರು ಶಾಲು ಹೊದಿಸಿದಾಗ ಅದರ ಹಿಂದೆ ಇದ್ದದ್ದು ಲೆಕ್ಕದ ಪುಸ್ತಕವನ್ನು ತಿರುವಿ ಓದುವ ಒಂದು ವಾದ. ರೈತ ಸಾಲಗಾರನೆಂದು ಎಲ್ಲರೂ ಹೇಳುತ್ತಾರೆ, ಆದರೆ ಅವನ ಬೆಳೆಗೆ ನ್ಯಾಯವಾದ ಬೆಲೆ ಕೊಡದೆ ಉಳಿಸಿಕೊಂಡವರೇ ಅವನಿಗೆ ಬಾಕಿದಾರರು ಎಂದು ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ಅವರ ಸಂಗಡಿಗರು ವಾದಿಸಿದರು. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದ ಪುಟ್ಟಣ್ಣಯ್ಯನವರು ಆ ವಾದವನ್ನು ವಿಧಾನಸಭೆಗೆ ಒಯ್ದರು. 2018ರ ಫೆಬ್ರುವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿರುವಾಗಲೇ ಅವರು ತೀರಿಹೋದರು. ಅವರ ಹೋರಾಟಗಳಲ್ಲಿ ಮತ್ತೆ ಮತ್ತೆ ಮೇಲೆದ್ದ ವಿಷಯ ಕಬ್ಬಿನ ಬಾಕಿ.

ಕಬ್ಬಿನ ಬಾಕಿಯ ವಿಚಾರದಲ್ಲಿ ಕಾನೂನು ಸ್ಪಷ್ಟವಾಗಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೈಸೇರಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಈಗ 50 ಟನ್ ಕಬ್ಬು ಕಳಿಸಿದ ಒಬ್ಬ ಬೆಳೆಗಾರನನ್ನು ಕಣ್ಣಮುಂದೆ ತಂದುಕೊಳ್ಳಿ. 2024-25ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ, ಕ್ವಿಂಟಲ್‌ಗೆ 340 ರೂಪಾಯಿ. ಕಟಾವು, ಸಾಗಾಟದ ಖರ್ಚು ಬದಿಗಿಟ್ಟರೆ ಅವನಿಗೆ ಬರಬೇಕಾದದ್ದು 1,70,000 ರೂಪಾಯಿ. ಕಾರ್ಖಾನೆ ಆರು ತಿಂಗಳು ತಡ ಮಾಡಿದರೆ ಕಾನೂನಿನ ಬಡ್ಡಿ 12,750 ರೂಪಾಯಿ. ಅಷ್ಟರಲ್ಲಿ ಅವನು ಕೂಳೆ ಬೆಳೆಗೆ ಗೊಬ್ಬರ ಹಾಕಬೇಕು, ಕಡಿದ ಆಳುಗಳಿಗೆ ಕೊಡಬೇಕು. ಅದಕ್ಕೆಂದು ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಅಷ್ಟೇ ದುಡ್ಡು ತಂದರೆ ಆರು ತಿಂಗಳಿಗೆ 30,600 ರೂಪಾಯಿ ಬಡ್ಡಿ ಕಟ್ಟುತ್ತಾನೆ. ಕಾನೂನಿನ ಬಡ್ಡಿ ಪೂರ್ತಿ ಕೈಗೆ ಬಂದರೂ ಅವನಿಗೆ ನಷ್ಟ. ಅದನ್ನು ಕೇಳಿ ಪಡೆದ ರೈತ ನಮ್ಮ ಕಡೆ ಅಪರೂಪ, ಅಸಲು ಬಂದರೆ ಸಾಕೆಂಬ ಸ್ಥಿತಿಯಲ್ಲಿ ಬಡ್ಡಿ ಕೇಳುವ ಧೈರ್ಯ ಯಾರಿಗಿದೆ?

ಅವನು ಮಾರದೇ ಇರಬಹುದಿತ್ತಲ್ಲ ಎನ್ನುವವರು ಕಬ್ಬಿನ ಗದ್ದೆಗೆ ಇಳಿದು ನೋಡಬೇಕು. ಹನ್ನೆರಡು ತಿಂಗಳು ಬೆಳೆದು ನಿಂತ ಕಬ್ಬನ್ನು ಕಡಿದ ಮೇಲೆ ದಿನಕ್ಕಿಷ್ಟು ತೂಕ ಇಳಿಯುತ್ತದೆ, ಸಕ್ಕರೆ ಅಂಶ ಸೋರುತ್ತದೆ. ಕಡಿಯದೆ ಬಿಟ್ಟರೆ ಸೂಲಂಗಿ ಬಂದು ಒಣಗುತ್ತದೆ. ಯಾವ ಕಾರ್ಖಾನೆಗೆ ಯಾವ ಊರಿನ ಕಬ್ಬು ಎಂದು ಸರ್ಕಾರವೇ ಪ್ರದೇಶ ಹಂಚಿರುತ್ತದೆ. ಕಟಾವಿನ ಪರ್ಮಿಟ್ ಬಂದ ದಿನ ಕಡಿಯಬೇಕು, ಲಾರಿಯೋ ಟ್ರ್ಯಾಕ್ಟರೋ ಸರತಿಯಲ್ಲಿ ನಿಲ್ಲಬೇಕು, ಅವರು ತೂಗಿದ್ದೇ ತೂಕ. ಆಲೆಮನೆಗೆ ಹಾಕಿದರೆ ದುಡ್ಡು ಬೇಗ ಬರುತ್ತದೆ, ಆದರೆ ಬೆಲ್ಲದ ಧಾರಣೆ ಬಿದ್ದ ವರ್ಷ ಆ ದಾರಿಯೂ ಮುಚ್ಚಿದಂತೆ. ಹಿಂದಕ್ಕೆ ಸರಿಯಲು ಜಾಗವಿಲ್ಲದವನ ಮೌನವನ್ನು ಒಪ್ಪಿಗೆ ಎನ್ನಲಾಗದು. 2015ರ ಜೂನ್‌ನಲ್ಲಿ, ಮಂಡ್ಯ ಜಿಲ್ಲೆಯಲ್ಲಿ ಬಾಕಿ ಮತ್ತು ಸಾಲ ಎರಡೂ ಏರಿ ಕೂತಿದ್ದಾಗ, ಪಾಂಡವಪುರ ತಾಲ್ಲೂಕಿನ ರೈತನೊಬ್ಬ ತಾನು ಬೆಳೆದ ಕಬ್ಬಿಗೇ ಬೆಂಕಿಯಿಟ್ಟು ಪ್ರಾಣ ಬಿಟ್ಟ.

ಕಾರ್ಖಾನೆಯ ಮುಖ್ಯಸ್ಥರ ಕಡೆಯ ಮಾತನ್ನೂ ಕೇಳಬೇಕು, ಅದರಲ್ಲಿ ಸುಳ್ಳಿಲ್ಲ. ಸಕ್ಕರೆ ನಾಲ್ಕೈದು ತಿಂಗಳಲ್ಲಿ ತಯಾರಾಗಿ ವರ್ಷವಿಡೀ ಮಾರಾಟವಾಗುವ ಸರಕು. ಎಷ್ಟು ಮಾರಬೇಕೆಂದು ತಿಂಗಳು ತಿಂಗಳು ಕೇಂದ್ರ ಸರ್ಕಾರ ಕೋಟಾ ಹೇಳುತ್ತದೆ. ಗೋದಾಮಿನ ಮೂಟೆಗಳು ಬ್ಯಾಂಕಿಗೆ ಒತ್ತೆಯಾಗಿರುತ್ತವೆ, ಮಾರಿದ ದುಡ್ಡು ಮೊದಲು ಅಲ್ಲಿಗೇ ಹೋಗುತ್ತದೆ. ಧಾರಣೆ ಕುಸಿದರೆ ಕಬ್ಬಿನ ಬೆಲೆ ಕೊಡಲು ನಿಜಕ್ಕೂ ದುಡ್ಡಿರುವುದಿಲ್ಲ. ಇಷ್ಟೂ ಸರಿ. ಆದರೆ ಕಷ್ಟದಲ್ಲಿರುವವನಿಗೆ ಸಾಲ ಕೇಳುವ ಹಕ್ಕಿದೆ, ಕೇಳದೆ ತೆಗೆದುಕೊಳ್ಳುವ ಹಕ್ಕಿಲ್ಲ. ಹಂಗಾಮಿನ ಆರಂಭದಲ್ಲೇ ಬೆಳೆಗಾರರ ಸಭೆ ಕರೆದು, ಈ ವರ್ಷ ಮೂರು ಕಂತಿನಲ್ಲಿ ಕೊಡುತ್ತೇವೆ, ಇಂತಿಷ್ಟು ಬಡ್ಡಿ ಸೇರಿಸುತ್ತೇವೆ, ಬೇಡವಾದವರು ಬೇರೆ ಕಡೆ ಸಾಗಿಸಲು ಅಡ್ಡಿಯಿಲ್ಲ ಎಂದು ಹೇಳುವುದಕ್ಕೆ ದುಡ್ಡು ಬೇಕಾಗಿಲ್ಲ. ಅದನ್ನು ಹೇಳದೆ ಕಬ್ಬು ಅರೆದುಕೊಂಡು, ಕಚೇರಿಗೆ ಬಂದವರಿಗೆ ಮುಂದಿನ ವಾರ ಬನ್ನಿ ಎನ್ನುವಾಗ ನಷ್ಟವೆಂಬುದು ನೆಪವಾಗುತ್ತದೆ.

ದುರಾಸೆಯ ಖಾಸಗಿ ಮಾಲೀಕರಿಂದ ಮಾತ್ರ ಇದೆಲ್ಲ ಎಂದು ನಂಬುವ ಗೆಳೆಯರಿದ್ದಾರೆ. ಮಂಡ್ಯ ಜಿಲ್ಲೆ ಅವರ ನಂಬಿಕೆಗೆ ಒಳ್ಳೆಯ ಪರೀಕ್ಷೆ, ಏಕೆಂದರೆ ಇಲ್ಲಿ ಮೂರೂ ಬಗೆಯ ಒಡೆತನವಿದೆ. 1933ರಲ್ಲಿ ಆರಂಭವಾದ ಮೈಷುಗರ್ ಸರ್ಕಾರದ ಕಂಪನಿ. ವರ್ಷಗಟ್ಟಲೆ ಅರೆಯುವುದು ನಿಂತು, 2022ರಲ್ಲಿ ಮತ್ತೆ ಚಾಲೂ ಆಯಿತು. ಪಾಂಡವಪುರದ ಕಾರ್ಖಾನೆ ಸಹಕಾರಿಯಾಗಿ, ಬೆಳೆಗಾರರ ಷೇರು ಹಣದಿಂದ, ಅವರೇ ಆರಿಸಿದ ಆಡಳಿತ ಮಂಡಳಿಯಿಂದ ನಡೆಯಬೇಕಾಗಿದ್ದದ್ದು. ಅದೂ ಬಾಗಿಲು ಹಾಕಿ, ಕೊನೆಗೆ 2020ರಲ್ಲಿ 40 ವರ್ಷಕ್ಕೆ ನಿರಾಣಿ ಶುಗರ್ಸ್‌ಗೆ ಗುತ್ತಿಗೆಗೆ ಹೋಯಿತು. ಕೊಪ್ಪ, ಕೆ.ಎಂ. ದೊಡ್ಡಿ, ಮಾಕವಳ್ಳಿಯ ಕಾರ್ಖಾನೆಗಳು ಖಾಸಗಿಯವು. ಒಡೆಯ ಬದಲಾದರೂ ಕಾಯುವವನು ಬದಲಾಗಲಿಲ್ಲ. ತಾನೇ ಷೇರುದಾರನಾದ ಕಾರ್ಖಾನೆಯ ಗೇಟಿನ ಮುಂದೆಯೂ ರೈತ ಧರಣಿ ಕೂತದ್ದನ್ನು ಈ ತಾಲ್ಲೂಕು ಕಂಡಿದೆ. ಹಾಗಾಗಿ ನಾನು ದೋಷವನ್ನು ಒಬ್ಬಿಬ್ಬರ ದುರಾಸೆಗಿಂತ ಆಳದಲ್ಲಿ ಹುಡುಕುತ್ತೇನೆ. ಕುರ್ಚಿಯಲ್ಲಿ ಕೂತವನು ಯಾರೇ ಆದರೂ, ಒತ್ತಡ ಬಂದಾಗ ಮೊದಲು ಬ್ಯಾಂಕು, ಆಮೇಲೆ ವಿದ್ಯುತ್ತು ಮತ್ತು ತೆರಿಗೆ, ಕೊನೆಗೆ ಗಲಾಟೆ ಮಾಡಲಾರದವರು ಎಂಬ ಸರತಿ ತಾನಾಗಿ ಸಿದ್ಧವಾಗುತ್ತದೆ. ಅದನ್ನು ಮುರಿಯದೆ ಒಪ್ಪಿಕೊಂಡು ಸಹಿ ಹಾಕುವುದೇ ಮುಖ್ಯಸ್ಥನ ನಿತ್ಯದ ಅನೀತಿ. ಅದಕ್ಕೆ ಕೆಟ್ಟವನಾಗಬೇಕಾಗಿಲ್ಲ, ಬರೀ ರೂಢಿಯಂತೆ ನಡೆದುಕೊಂಡರೆ ಸಾಕು.

ಕಾನೂನೂ ಈ ಸರತಿಗೆ ಮುದ್ರೆ ಒತ್ತಿದೆ. 2016ರ ದಿವಾಳಿ ಸಂಹಿತೆಯ 53ನೇ ಕಲಮಿನಲ್ಲಿ, ಕಂಪನಿ ಮುಚ್ಚಿ ಆಸ್ತಿ ಮಾರಿದಾಗ ಪ್ರಕ್ರಿಯೆಯ ಖರ್ಚು ಕಳೆದು ಮೊದಲು ಬರುವವರು ಭದ್ರತೆ ಪಡೆದ ಸಾಲಿಗರು ಮತ್ತು 24 ತಿಂಗಳ ಬಾಕಿಗೆ ಕಾರ್ಮಿಕರು, ಆಮೇಲೆ 12 ತಿಂಗಳ ಬಾಕಿಗೆ ಇತರ ನೌಕರರು. ಸಾಮಗ್ರಿ ಒದಗಿಸಿದವರು ಇನ್ನೂ ಕೆಳಗೆ, ಸರ್ಕಾರದ ಬಾಕಿಯಾದ ಮೇಲೆ. ಕಾರ್ಮಿಕರನ್ನು ಬ್ಯಾಂಕಿನ ಸಮಕ್ಕೆ ತಂದದ್ದು ದೊಡ್ಡ ಮಾತು, ಅದನ್ನು ಮೆಚ್ಚುತ್ತೇನೆ. ಆದರೆ ಕಚ್ಚಾ ಮಾಲು ಕೊಟ್ಟ ರೈತನನ್ನು ಬಿಡಿಭಾಗ ಮಾರಿದ ಬಹುರಾಷ್ಟ್ರೀಯ ಕಂಪನಿಯ ಸಾಲಿನಲ್ಲೇ ನಿಲ್ಲಿಸಿದ್ದು ಯಾವ ನ್ಯಾಯ? ಅಮೆರಿಕದ ಚಿಂತಕ ಜಾನ್ ರಾಲ್ಸ್ ಒಂದು ಪರೀಕ್ಷೆ ಹೇಳಿದ್ದರು: ನಾಳೆ ನೀನು ಯಾರಾಗಿ ಹುಟ್ಟುತ್ತೀ ಎಂದು ತಿಳಿಯದಿದ್ದಾಗ ಯಾವ ನಿಯಮಕ್ಕೆ ಒಪ್ಪುತ್ತೀ? ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಒಂದೂವರೆ ಎಕರೆ ಕಬ್ಬಿನವನಾಗಿ ಹುಟ್ಟುವ ಸಾಧ್ಯತೆ ತನಗೂ ಇದೆ ಎಂದು ಅರಿತ ಯಾವ ಶಾಸಕನೂ ಈ ಸರತಿಯನ್ನು ಹೀಗೆ ಬರೆಯುತ್ತಿರಲಿಲ್ಲ.

ಸರತಿ ಬದಲಿಸುವುದು ಆಗದ ಕೆಲಸವೇನಲ್ಲ. ಸಣ್ಣ ಉದ್ದಿಮೆಗಳ ವಿಚಾರದಲ್ಲಿ ಈಗಾಗಲೇ ಮಾಡಿ ತೋರಿಸಿದ್ದಾರೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆ ಅವುಗಳಿಗೆ ಗರಿಷ್ಠ 45 ದಿನದಲ್ಲಿ ದುಡ್ಡು ಸಲ್ಲಬೇಕೆಂದಿತ್ತು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದಿತ್ತು. ಆದರೂ ಕೊಡುವವರು ಕಡಿಮೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಒಂದು ಅಂಶ ಸೇರಿಸಿತು: ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಅವಧಿಯೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಕಾಯಿಸಿದ್ದರ ಬೆಲೆ ಅಂದಿನಿಂದ ಕಂಪನಿಯ ತೆರಿಗೆ ಲೆಕ್ಕದಲ್ಲೇ ಕಾಣಿಸತೊಡಗಿತು. ಕಬ್ಬು ಬೆಳೆಗಾರ ಈ ವ್ಯಾಪ್ತಿಗೆ ಬರುವುದಿಲ್ಲ, ಏಕೆಂದರೆ ಕೃಷಿ ಉದ್ದಿಮೆಯ ಪಟ್ಟಿಯಲ್ಲಿಲ್ಲ. ಅವನನ್ನೂ ತರಬೇಕು. 14 ದಿನ ಮೀರಿದ ಕಬ್ಬಿನ ಬಾಕಿಯನ್ನು, ತಿಂಗಳು ಮೀರಿದ ಸಂಬಳದ ಬಾಕಿಯನ್ನು ಖರ್ಚೆಂದು ಬರೆಯಲು ಬಿಡಬಾರದು.

ಅದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಬೆಳೆಗಾರರಿಗೋ ಕಾರ್ಮಿಕರಿಗೋ ಅವಧಿ ಮೀರಿದ ಬಾಕಿ ಇರುವವರೆಗೆ ಲಾಭಾಂಶ ಹಂಚಬಾರದು, ವ್ಯವಸ್ಥಾಪಕ ನಿರ್ದೇಶಕರೂ ಅಧ್ಯಕ್ಷರೂ ತಮ್ಮ ಸಂಬಳ, ಭತ್ಯೆ, ಪ್ರೋತ್ಸಾಹಧನ ಪಡೆಯಬಾರದು. ಹೀಗೆ ಮಾಡಿದರೆ ಸಮರ್ಥರು ಆ ಹುದ್ದೆಗೆ ಬರುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಒಂದು ತಿಂಗಳ ಸಂಬಳ ತಪ್ಪಿದರೆ ಏನಾಗುತ್ತದೆ ಎಂದು ಸ್ವಂತ ಅನುಭವದಿಂದ ತಿಳಿದ ನಿರ್ದೇಶಕನೇ ನಮ್ಮ ಕಾರ್ಖಾನೆಗಳಿಗೆ ಹೆಚ್ಚು ಸಮರ್ಥ ಎಂದು ನನಗನ್ನಿಸುತ್ತದೆ. ಪ್ರತಿ ಕಾರ್ಖಾನೆ ತನ್ನ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಯಾವ ಹಂಗಾಮಿನ ಬಾಕಿ ಎಷ್ಟು, ಎಷ್ಟು ದಿನದಿಂದ, ಬಡ್ಡಿ ಎಷ್ಟು ಕೊಟ್ಟಿದ್ದೇವೆ ಎಂದು ಕನ್ನಡದಲ್ಲಿ ಅಚ್ಚು ಮಾಡಿ, ಅದರ ಕೆಳಗೆ ವ್ಯವಸ್ಥಾಪಕ ನಿರ್ದೇಶಕರ ಸಹಿ ಹಾಕಿಸಿ, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಹೊಸ ಕಾಯ್ದೆ ಬರುವವರೆಗೆ ಕಾಯದೆ ಇಷ್ಟನ್ನು ಜಿಲ್ಲಾಡಳಿತ ಮುಂದಿನ ಹಂಗಾಮಿನಿಂದಲೇ ಕೇಳಬಹುದು, ಬೆಳೆಗಾರರು ಕಬ್ಬು ಒಪ್ಪಿಗೆಗೆ ಸಹಿ ಹಾಕುವ ಮುನ್ನವೇ ಕೇಳಬಹುದು.